ಅಗ್ಗದ ನೂಲಿನ ಹೊದಿಕೆ

ಬೆಂಗಳೂರಿನವರಿಗೆ ಚಳಿಯೆಂಬುದು ಸಂಕಟದ ವಸ್ತುವಲ್ಲ, ಹೆಮ್ಮೆಯ ವಸ್ತು. ಮಾರ್ಗಶಿರದಲ್ಲಿ ಪರಊರಿನ ನಂಟರು ಬಂದರೆ, ನಮ್ಮ ಹಿತ್ತಲಲ್ಲಿ ಬೆಳೆದ ಹಣ್ಣೋ ಎಂಬಂತೆ ಅದನ್ನು ಅವರ ಮುಂದೆ ಹಿಡಿಯುತ್ತೇವೆ. “ಇದೇನು ಚಳಿ? ಹಿಂದಿನ ಚಳಿಯೇ ಚಳಿ” ಎನ್ನುವ ಹಿರಿಯರು ಬೀದಿಗೊಬ್ಬರಾದರೂ ಉಂಟು. ಅವರ ಮಾತನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ಈ ನಗರದಲ್ಲಿ ದಾಖಲಾಗಿರುವ ಅತ್ಯಂತ ಕಡಿಮೆ ಉಷ್ಣಾಂಶ 7.8 ಡಿಗ್ರಿ ಸೆಲ್ಸಿಯಸ್. ಅದು 1884ರ ಜನವರಿ 13ರಂದು. ಅದೇ ವರ್ಷ ಇಲ್ಲಿ ಉಣ್ಣೆ, ಹತ್ತಿ, ರೇಷ್ಮೆಗಳ ಗಿರಣಿಯೊಂದು ಸ್ಥಾಪನೆಯಾಯಿತು. ಮುಂದೆ ಬಿನ್ನಿ ಮಿಲ್ಲೆಂದು ಹೆಸರಾದುದು ಅದೇ. ಆ ಚಳಿಗೂ ಈ ಗಿರಣಿಗೂ ಸಂಬಂಧವಿಲ್ಲವೆಂದು ಬಲ್ಲೆ. ಆದರೂ ಎರಡು ಸಂಗತಿಗಳೂ ಒಟ್ಟಿಗೆ ನೆನಪಾದಾಗ, ಅಂದಿನ ದೊರೆಗಳು ನಡುಗುತ್ತಲೇ ಕಾಗದಕ್ಕೆ ರುಜು ಹಾಕಿರಬೇಕೆಂದು ನನಗೆ ಅನಿಸದಿರುವುದಿಲ್ಲ. ಗಿರಣಿ ಈಗ ಇಲ್ಲ. ಚಳಿ ಮಾತ್ರ, ಹಿರಿಯರು ಏನೇ ಹೇಳಲಿ, ಇನ್ನೂ ಇದೆ.

ನಾನಿರುವ ವರ್ತೂರಿನಲ್ಲಂತೂ ಇದೆ. ಇಲ್ಲಿ ಕೆರೆಯುಂಟು, ಬೆಳಗಿನ ಜಾವದ ಮಂಜು ದಡ ಹತ್ತಿ ಊರೊಳಕ್ಕೆ ಬರುತ್ತದೆ. (2015ರ ಸುಮಾರಿಗೆ ಈ ಕೆರೆಯ ಕೋಡಿಯಲ್ಲಿ ನೊರೆಯೆದ್ದು ಗಾಳಿಗೆ ರಸ್ತೆಯ ಮೇಲೆ ಹಾರಿ ಬೀಳುತ್ತಿದ್ದಾಗ, ದೂರದಿಂದ ಅದು ನನಗೆ ಹಿಂಜಿದ ಉಣ್ಣೆಯ ರಾಶಿಯಂತೆ ಕಂಡಿತ್ತು. ಹತ್ತಿರ ಹೋದಾಗ ಮೂಗು ಆ ಉಪಮೆಯನ್ನು ಒಪ್ಪಲಿಲ್ಲ.) ಕೆರೆಯ ಸುತ್ತಮುತ್ತ ಹತ್ತು ಹದಿನೈದು ಅಂತಸ್ತಿನ ಮನೆಗಳು ಎದ್ದಿವೆ, ಏಳುತ್ತಲೂ ಇವೆ. ಅವನ್ನು ಕಟ್ಟುವವರು ಅವುಗಳ ಬುಡದಲ್ಲಿಯೇ ತಗಡಿನ ಶೆಡ್ಡುಗಳಲ್ಲಿ ವಾಸವಾಗಿರುತ್ತಾರೆ. ತಗಡು ಹಗಲಲ್ಲಿ ಎಷ್ಟು ಬೇಗ ಕಾಯುವುದೋ ಇರುಳಲ್ಲಿ ಅಷ್ಟೇ ಬೇಗ ತಣಿಯುತ್ತದೆ. ನಡುರಾತ್ರಿ ಕಳೆದರೆ, ಒಳಗೆ ಮಲಗಿದವರ ಉಸಿರೇ ಮಾಡಿಗೆ ತಾಗಿ, ಹನಿಗಟ್ಟಿ, ಅವರ ಮೈಮೇಲೆಯೇ ತೊಟ್ಟಿಕ್ಕುತ್ತದೆ. ಅದಕ್ಕೆ 7.8 ಡಿಗ್ರಿಯಾಗಬೇಕಿಲ್ಲ, ಹದಿನಾಲ್ಕು ಹದಿನೈದು ಸಾಕು.

ಅಂಥದೊಂದು ಶೆಡ್ಡಿನಲ್ಲಿ ರಾಯಚೂರು ಸೀಮೆಯ ಒಂದು ಸಂಸಾರ ಬಂದಿಳಿಯಿತು. ಗಂಡ ಹೆಂಡತಿ ಇಬ್ಬರೂ ಗಾರೆಕೆಲಸದವರು. ನಾಲ್ಕು ವರ್ಷದ ಒಬ್ಬಳು ಮಗಳು. ಆಕೆ ಕುಡಿಯುವ ನೀರಿಗೆಂದು ನಮ್ಮ ಮನೆಗೆ ಬರುತ್ತಿದ್ದಳು. ಒಂದು ಬೆಳಿಗ್ಗೆ ಮಗುವನ್ನೂ ಸೊಂಟದ ಮೇಲೆ ಕೂರಿಸಿಕೊಂಡು ಬಂದಳು. ಮಗುವಿನ ಬೆನ್ನಿಗೆ ಒಂದು ಗೋಣಿಚೀಲ. ನಾನು ನೋಡಿದುದನ್ನು ಆಕೆಯೂ ನೋಡಿದಳು.

“ಚೀಲ ಬೆಚ್ಚಗ ಇರತೈತ್ರಿ ಅಮ್ಮಾರ” ಎಂದಳು, ನನ್ನನ್ನೇ ಸಮಾಧಾನಪಡಿಸುವವಳಂತೆ.

ಅಂಗಡಿಗೆ ಹೋಗಿ ಒಂದು ಸಿದ್ಧ ಹೊದಿಕೆ ತಂದುಕೊಟ್ಟಿದ್ದರೆ ಅಂದೇ ಕೆಲಸ ಮುಗಿಯುತ್ತಿತ್ತಲ್ಲ ಎಂದು ವಾಚಕರು ಕೇಳಬಹುದು. ನ್ಯಾಯವಾದ ಪ್ರಶ್ನೆ. ಆದರೆ ಹೆಣಿಗೆಯ ಚಟವಿರುವವರ ರೀತಿಯೇ ಬೇರೆ: ಯಾರ ಕಷ್ಟ ಕಂಡರೂ ಅವರ ಕೈ ಮೊದಲು ಹೋಗುವುದು ಕಡ್ಡಿಗಳ ಕಡೆಗೆ. 1962ರ ಯುದ್ಧದಲ್ಲಿ ಹಿಮಾಲಯದ ಗಡಿಯಲ್ಲಿದ್ದ ಸೈನಿಕರಿಗೆಂದು ನಮ್ಮ ದೇಶದ ಹೆಂಗಸರು ಊರೂರಲ್ಲಿ ಕುಳಿತು ಸ್ವೆಟರು ಹೆಣೆದರು. ಸೇನೆಯ ಉಗ್ರಾಣವೊಂದು ನೂರು ಯಂತ್ರಗಳಿಂದ ಅದನ್ನು ಬೇಗ ಮಾಡಿಸಬಹುದಿತ್ತೆಂದು ಅವರಿಗೂ ಗೊತ್ತಿದ್ದಿರಬೇಕು. ಕೈ ಸುಮ್ಮನಿರಲಾರದು, ಅಷ್ಟೆ.

ಮರುದಿನವೇ ಚಿಕ್ಕಪೇಟೆಗೆ ಹೋದೆ. ಅಂಗಡಿಯವನು “ಯಾವ ಉಲ್ಲನ್ ಬೇಕು ಅಮ್ಮಾ?” ಎಂದ. ಈ ಮಾತಿನ ಬಗ್ಗೆ ಎರಡು ಮಾತು ಹೇಳಬೇಕು. ನಮ್ಮ ಪೇಟೆಗಳಲ್ಲಿ ಹೆಣಿಗೆಯ ನೂಲಿಗೆಲ್ಲ ಉಲ್ಲನ್ನೆಂದೇ ಹೆಸರು. ಆದರೆ ಅಗ್ಗದ ಉಲ್ಲನ್ನಿನ ಉಂಡೆಯಲ್ಲಿ ಕುರಿಯ ಮೈಯ ಒಂದೆಳೆಯೂ ಇರುವುದಿಲ್ಲ. ಅದು ಅಕ್ರಿಲಿಕ್, ಕಲ್ಲೆಣ್ಣೆಯಿಂದ ಹುಟ್ಟಿದ ಎಳೆ. ಅಮೆರಿಕದ ಡುಪಾಂಟ್ ಕಂಪನಿ ಅದನ್ನು ಆರ್ಲಾನ್ ಎಂಬ ಹೆಸರಿನಿಂದ 1950ರಲ್ಲಿ ಮಾರಾಟಕ್ಕೆ ತಂದಿತು. ಈಗ ನಮ್ಮಲ್ಲಿಗೆ ಬರುವ ಉಂಡೆಗಳಲ್ಲಿ ಬಹುಪಾಲಿಗೆ ಲೂಧಿಯಾನವೇ ತವರುಮನೆ. ನಾನು ಕೊಂಡದ್ದು ಕಿಲೋಗೆ ಆರುನೂರು ರೂಪಾಯಿಯದು. ಅಪ್ಪಟ ಉಣ್ಣೆಯ ನೂಲನ್ನೂ ಕೇಳಿ ನೋಡಿದೆ. ನಾಲ್ಕೈದು ಪಟ್ಟು ಬೆಲೆ ಹೇಳಿದ. ನೂಲನ್ನು ಮುಟ್ಟಿ, ಬೆಲೆಯನ್ನು ನೆನೆದು, ಕೈ ಹಿಂತೆಗೆದೆ.

ಅಗ್ಗದ ನೂಲಾದರೂ ಕೊಳ್ಳುವಾಗ ಎಚ್ಚರ ಬೇಕು. ಉಂಡೆಯ ಮೇಲಿನ ಚೀಟಿಯಲ್ಲಿ ಬಣ್ಣದ ಸಂಖ್ಯೆಯ ಜೊತೆಗೆ ಲಾಟ್ ಸಂಖ್ಯೆಯೂ ಇರುತ್ತದೆ. ಒಂದೇ ಹಂಡೆಯಲ್ಲಿ ಅದ್ದಿದ ನೂಲಿಗೆ ಒಂದೇ ಲಾಟ್. ಆಮೇಲೆ ಬಂದು ಕೊಂಡರಾಯಿತೆಂದು ಬಿಟ್ಟರೆ, ಅಂಗಡಿಯ ದೀಪದಡಿಯಲ್ಲಿ ಒಂದೇ ಆಗಿ ಕಂಡ ನೀಲಿ, ಮನೆಯ ಬಿಸಿಲಿನಲ್ಲಿ ಎರಡು ನೀಲಿಯಾಗಿ ಜಗಳಕ್ಕೆ ನಿಲ್ಲುತ್ತದೆ. ಬಡ ನೂಲಿನ ಜಾಣತನವೆಂದರೆ ಪಟ್ಟೆ: ಅಂಗಡಿಯ ಮೂಲೆಯಲ್ಲಿ ಉಳಿದ ಒಂಟಿ ಉಂಡೆಗಳನ್ನು ಇನ್ನೂ ಅಗ್ಗಕ್ಕೆ ಕೊಡುತ್ತಾರೆ, ಬೇಕೆಂದೇ ಬೇರೆಬೇರೆ ಬಣ್ಣ ಹಾಕಿದರೆ ಲಾಟಿನ ತಕರಾರೇ ಇಲ್ಲ. ನಾನೂ ಹಾಗೆಯೇ ಮಾಡಿದೆ: ನೀಲಿ, ಅರಿಸಿನ, ಇಟ್ಟಿಗೆಯ ಕೆಂಪು.

ಈಗ ಲೆಕ್ಕ. ಹೊಸಬರು ಲೆಕ್ಕವಿಲ್ಲದೆ ಶುರುಮಾಡಿ, ಅರ್ಧಕ್ಕೆ ನೂಲು ಮುಗಿದು ಕಣ್ಣೀರಿಡುವುದನ್ನು ಕಂಡಿದ್ದೇನೆ. ಅಂಗೈಯಗಲದ ಒಂದು ಮಾದರಿ ಹೆಣೆದು ಅಳೆಯುವುದು ಮೊದಲ ಕೆಲಸ. ಏಳನೆಯ ನಂಬರಿನ ಕಡ್ಡಿಯಲ್ಲಿ, ಎಂದರೆ 4.5 ಮಿಲಿಮೀಟರ್ ದಪ್ಪದ್ದರಲ್ಲಿ, ನನ್ನ ಕೈಗೆ 10 ಸೆಂಟಿಮೀಟರಿಗೆ 18 ಕುಣಿಕೆ, 36 ಸಾಲು ಬಂದವು. (ನಮ್ಮ ಕಡ್ಡಿಗಳ ನಂಬರು ಹಳೆಯ ಇಂಗ್ಲಿಷ್ ಕ್ರಮದ್ದು, ನಂಬರು ಏರಿದಂತೆ ಕಡ್ಡಿ ಸಣ್ಣದಾಗುತ್ತದೆ. ಹತ್ತನೆಯ ನಂಬರನ್ನು ದಪ್ಪವೆಂದು ತಿಳಿದು ಮೋಸ ಹೋದವರು ಒಬ್ಬಿಬ್ಬರಲ್ಲ.) ತಾಯಿ ಮಗು ಇಬ್ಬರಿಗೂ ಆಗಲೆಂದು 120 ಸೆಂಟಿಮೀಟರ್ ಅಗಲ, 180 ಉದ್ದ ಗೊತ್ತುಮಾಡಿದೆ. ಅಷ್ಟಗಲವನ್ನು ಒಂದೇ ಕಡ್ಡಿಯ ಮೇಲೆ ಹೇರಿದರೆ ಭಾರಕ್ಕೆ ಮಣಿಕಟ್ಟು ಸೋಲುತ್ತದೆ. ಆದ್ದರಿಂದ 20 ಸೆಂಟಿಮೀಟರ್ ಅಗಲದ ಆರು ಪಟ್ಟಿ. ಪಟ್ಟಿಗೆ 36 ಕುಣಿಕೆ, 648 ಸಾಲು. ಆರು ಪಟ್ಟಿಗೂ ಸೇರಿ 1,39,968 ಕುಣಿಕೆ. ನಿಮಿಷಕ್ಕೆ ಮೂವತ್ತರಂತೆ ಹೆಣೆದರೂ ಎಪ್ಪತ್ತೇಳು ಗಂಟೆಗಳಿಗೆ ಕಡಿಮೆಯಿಲ್ಲ. ನೂಲು ಒಂದು ಕಿಲೋ ಇನ್ನೂರು ಗ್ರಾಂ. ಏಳುನೂರ ಇಪ್ಪತ್ತು ರೂಪಾಯಿ. ಒಂಟಿ ಉಂಡೆಗಳಿಂದ ಇನ್ನೂ ಸ್ವಲ್ಪ ಉಳಿಯಿತು.

ಹೆಣಿಗೆ ಅತಿ ಸರಳವಾದದ್ದು: ಹೋಗುವಾಗಲೂ ಬರುವಾಗಲೂ ಒಂದೇ ಬಗೆಯ ಕುಣಿಕೆ. ಸ್ವೆಟರಿನ ನುಣುಪು ಹೆಣಿಗೆ ನೋಟಕ್ಕೆ ಚೆಂದ. ಆದರೆ ಹೊದಿಕೆಯಲ್ಲಿ ಅದರ ಅಂಚು ಒಣಗಿದ ಎಲೆಯಂತೆ ಸುರುಳಿ ಸುತ್ತಿಕೊಳ್ಳುತ್ತದೆ. ಸರಳ ಹೆಣಿಗೆಯಲ್ಲಿ ಎರಡು ಸಾಲಿಗೊಂದು ಏಣು ಏಳುತ್ತದೆ; ಉತ್ತ ಹೊಲದ ಸಾಲುಗಳ ಹಾಗೆ. ಆ ಏಣುಗಳ ನಡುವಿನ ಕುಳಿಗಳಲ್ಲಿ ಗಾಳಿ ಕದಲದೆ ನಿಲ್ಲುತ್ತದೆ. ಬೆಚ್ಚಗಿಡುವುದು ನೂಲಲ್ಲ, ನೂಲು ಸೆರೆಹಿಡಿದ ಗಾಳಿ. ಇನ್ನೊಂದು ಸೂಕ್ಷ್ಮ: ಪ್ರತಿ ಸಾಲಿನ ಮೊದಲ ಕುಣಿಕೆಯನ್ನು ಹೆಣೆಯದೆ ಸುಮ್ಮನೆ ಆಚೆ ಕಡ್ಡಿಗೆ ದಾಟಿಸಿಬಿಡಬೇಕು. ಆಗ ಅಂಚಿನಲ್ಲಿ ಎರಡು ಸಾಲಿಗೊಂದರಂತೆ ಜಡೆಯ ಹಾಗೆ ಕುಣಿಕೆ ಮೂಡುತ್ತದೆ. ನನ್ನ ಪಟ್ಟಿಗೆ 324. ಕೊನೆಗೆ ಪಟ್ಟಿಗಳನ್ನು ಹೊಲಿಯುವಾಗ ಅಳತೆಗೋಲು ಬೇಕಿಲ್ಲ. ಕುಣಿಕೆಗೆ ಕುಣಿಕೆ ಕೂಡಿಸುತ್ತ ಹೋದರೆ ಸಾಕು. ಹೊಸ ಉಂಡೆಯನ್ನು ನಡುವೆ ಗಂಟುಹಾಕಿ ಸೇರಿಸಬಾರದು. ಅಂಚಿನಲ್ಲಿ ಸೇರಿಸಿ, ಬಾಲವನ್ನು ಸೂಜಿಯಿಂದ ಒಳಗೆ ನೇಯಬೇಕು. ಮಲಗಿದವರ ಬೆನ್ನಿಗೆ ಗಂಟು ಗೊತ್ತಾಗುತ್ತದೆ.

ತುಂಡುತುಂಡಾಗಿ ಮಾಡಿ ಜೋಡಿಸುವ ಈ ಉಪಾಯ ಹಳೆಯದು; ಎಷ್ಟು ದೊಡ್ಡ ಕೆಲಸಕ್ಕೂ ಒದಗುವಂಥದು. 2016ರ ಜನವರಿ 31ರಂದು ಚೆನ್ನೈಯಲ್ಲಿ ನಮ್ಮ ದೇಶದ ಹೆಂಗಸರು ಕೊಕ್ಕೆಕಡ್ಡಿಯಿಂದ ಹೆಣೆದ ತುಂಡುಗಳನ್ನು ಕೂಡಿಸಿ 11,148.5 ಚದರ ಮೀಟರಿನ ಹೊದಿಕೆಯೊಂದನ್ನು ಹಾಸಿ ಗಿನ್ನೆಸ್ ದಾಖಲೆ ಮಾಡಿದರು. ಅದರ ಮುಂದೆ ನನ್ನದು ಕರವಸ್ತ್ರ.

ಇಂಗ್ಲಿಷರ ದಂಡು ಬೆಂಗಳೂರಿನಲ್ಲಿ ಬೀಡುಬಿಟ್ಟುದು 1809ರಲ್ಲಿ. ನಮ್ಮ ನೆರೆಯ ವೈಟ್‌ಫೀಲ್ಡ್ ಆಂಗ್ಲೋ ಇಂಡಿಯನ್ನರ ನೆಲೆಯಾಗಿ ಹುಟ್ಟಿದುದು 1882ರಲ್ಲಿ. ಎರಡು ಕಡ್ಡಿಯ ಹೆಣಿಗೆ ಇಂಥ ದಂಡುಗಳ, ಪಾದ್ರಿಗಳ ಶಾಲೆಗಳ ಜೊತೆ ನಮ್ಮಲ್ಲಿಗೆ ಬಂದ ವಿದ್ಯೆ. ಅದಕ್ಕೆ ಮೊದಲು ನಾವು ಚಳಿಯಲ್ಲಿ ನಡುಗುತ್ತಿದ್ದೆವೇ? ಈ ಪ್ರಶ್ನೆ ನನಗೆ ಹೊಳೆದುದು ಮೂರು ಪಟ್ಟಿ ಮುಗಿದಮೇಲೆ. ಅದೂ ನಾನಾಗಿ ಯೋಚಿಸಿ ಹೊಳೆದದ್ದಲ್ಲ.

ಮೂರು ಪಟ್ಟಿಗಳನ್ನು ಮಗುವಿನ ಮೈಗೆ ಹಿಡಿದು ನೋಡೋಣವೆಂದು ಒಂದು ಸಂಜೆ ಆ ಶೆಡ್ಡಿಗೆ ಹೋದೆ. ಆಕೆ ರೊಟ್ಟಿ ಬೇಯಿಸುತ್ತಿದ್ದಳು. ಬಾಗಿಲಿನ ಒಳಗೇ ಮೂರು ಕಲ್ಲಿನ ಒಲೆ. ಉರಿಯುತ್ತಿದ್ದುದು ಸೆಂಟ್ರಿಂಗ್ ಹಲಗೆಯ ಚೂರುಗಳು. ಒಂದೊಂದು ಚೂರೂ ಚಟಪಟನೆ ಸಿಡಿದು ಕಿಡಿ ಹಾರಿಸುತ್ತಿತ್ತು. ಒಲೆಗೂ ಮಗು ಮಲಗುವ ಚಾಪೆಗೂ ಎರಡು ಮಾರು ಇರಲಿಲ್ಲ. “ರಾತ್ರಿ ಆರಿಸ್ತೀಯಾ?” ಎಂದು ಕೇಳಿದೆ. “ಕೆಂಡ ಹಂಗ ಬಿಡ್ತೀನ್ರಿ, ಬೆಚ್ಚಗ ಆಗಲಿ ಅಂತ” ಎಂದಳು. ಪಟ್ಟಿಗಳನ್ನು ಚೀಲದಿಂದ ತೆಗೆಯದೆಯೇ ಹಿಂದಿರುಗಿದೆ.

ಮನೆಗೆ ಬಂದು ಆ ನೂಲಿನ ಒಂದು ಗೇಣನ್ನು ಇಕ್ಕಳದಲ್ಲಿ ಹಿಡಿದು ಕಡ್ಡಿ ಗೀರಿದೆ. ನೂಲು ಭಗ್ಗೆಂದು ಹೊತ್ತಿ, ಕಪ್ಪು ಹೊಗೆ ಉಗುಳಿ, ಕರಗಿ ತೊಟ್ಟಿಕ್ಕಿತು. ತಣಿದಮೇಲೆ ಹರಳಿನಂತೆ ಗಟ್ಟಿಯಾದ ಕರಿಯ ಮಣಿಯೊಂದು ಉಳಿಯಿತು. ಆ ಮಣಿ ಕಾದಿರುವಾಗ ಚರ್ಮಕ್ಕೆ ಬಿದ್ದರೆ ಅಂಟಿಕೊಂಡೇ ಸುಡುತ್ತದೆ. ಹಳೆಯ ಅಪ್ಪಟ ಉಣ್ಣೆಯ ಶಾಲಿನಿಂದ ಒಂದೆಳೆ ಕಿತ್ತು ಅದಕ್ಕೂ ಕಡ್ಡಿ ತಾಗಿಸಿದೆ. ಅದು ಮುದುಡಿತು, ಕೂದಲು ಸುಟ್ಟ ವಾಸನೆ ಬಂತು, ಉರಿಯನ್ನು ದೂರ ಸರಿಸಿದೊಡನೆ ತಾನಾಗಿ ಆರಿತು; ಉಳಿದ ಬೂದಿ ಬೆರಳಿನಲ್ಲಿ ಪುಡಿಯಾಯಿತು. ಉಣ್ಣೆಗೆ ಬೆಂಕಿ ತಗಲಬೇಕಾದರೆ ಸುಮಾರು 570 ಡಿಗ್ರಿಗಿಂತ ಹೆಚ್ಚಿನ ಕಾವು ಬೇಕು. ಇವೆಲ್ಲ ಪುಸ್ತಕದಲ್ಲಿ ಓದಿ ತಿಳಿದಿದ್ದ ಸಂಗತಿಗಳೇ. ಹೆಣೆಯುವಾಗ ನಾನು ಕುಣಿಕೆ ಎಣಿಸಿದ್ದೆ, ಸಾಲು ಎಣಿಸಿದ್ದೆ, ರೂಪಾಯಿ ಎಣಿಸಿದ್ದೆ. ಒಲೆಯನ್ನು ಎಣಿಕೆಗೆ ತಂದಿರಲಿಲ್ಲ.

ಮರುದಿನ ನೀರಿಗೆ ಬಂದವಳಿಗೆ ನಡೆದುದನ್ನು ಹೇಳಿ, ಊರಿನಿಂದ ಬರುವಾಗ ಹೊದೆಯಲು ಏನೂ ತರಲಿಲ್ಲವೇ ಎಂದು ಕೇಳಿದೆ.

“ಕಂಬಳಿ ಐತ್ರಿ ಅಮ್ಮಾರ, ನಮ್ಮಪ್ಪ ಕೊಟ್ಟಿದ್ದು. ಆದರ ಕೂಸಿಗಿ ಚುಚ್ಚತೈತ್ರಿ, ಒದ್ದು ಒಗಿತಾಳ. ಅದಕ ಕೆಳಗ ಹಾಸೀವಿ.”

ಅವಳ ತವರು ಕುರಿಸಾಕಣೆಯ ಮನೆ. ಕಂಬಳಿಯನ್ನು ತಂದು ತೋರಿಸಿದಳು: ಕಪ್ಪು, ನಡುನಡುವೆ ಕಂದು, ಅಂಚಿನಲ್ಲಿ ಬಿಳಿಯ ಎರಡು ಗೆರೆ, ಬಣ್ಣವೆಲ್ಲ ಕುರಿಯ ಮೈಯದೇ, ಹಂಡೆಯದಲ್ಲ. ಡೆಕ್ಕನಿ ಕುರಿಯ ಉಣ್ಣೆ ಒರಟು. ವರ್ಷಕ್ಕೆ ಎರಡು ಸಲ ಕತ್ತರಿಸುತ್ತಾರೆ. ಎರಡೂ ಸೇರಿ ಒಂದು ಕುರಿಗೆ ಅರ್ಧ ಕಿಲೋ ಆಸುಪಾಸು. ಅದನ್ನು ಹಿಂಜುವುದು, ನೂಲುವುದು ಹೆಚ್ಚಾಗಿ ಹೆಂಗಸರ ಪಾಲಿನ ಕೆಲಸ. ಕುಣಿಮಗ್ಗದಲ್ಲಿ ನೇಯುವುದು ಗಂಡಸರದು. ಹಾಸಿನ ನೂಲು ಗಟ್ಟಿಯಾಗಲೆಂದು ಹುಣಸೆಬೀಜದ ಗಂಜಿ ಬಳಿಯುತ್ತಾರೆ. ಇದನ್ನೇ ಕೊಪ್ಪೆಯಾಗಿ ಮಡಿಸಿ ತಲೆಗೆ ಹಾಕಿಕೊಂಡರೆ ಮಳೆಗೆ ಕೊಡೆ. ನೆಲಕ್ಕೆ ಹಾಸಿದರೆ ಹಾಸಿಗೆ. ದೇವರ ಮುಂದೆ ಹಾಸಿದರೆ ಗದ್ದುಗೆ. ಉಣ್ಣೆ ತನ್ನ ತೂಕದ ಮೂರನೆಯ ಒಂದು ಪಾಲಿನಷ್ಟು ತೇವವನ್ನು ಹೀರಿಕೊಂಡರೂ ಮೈಗೆ ಒದ್ದೆಯೆನಿಸುವುದಿಲ್ಲ. ತಗಡಿನ ಮಾಡಿನಿಂದ ಹನಿ ತೊಟ್ಟಿಕ್ಕುವ ಕಡೆ ಇದಕ್ಕಿಂತ ತಕ್ಕ ಹೊದಿಕೆ ಯಾವುದುಂಟು? ಅದು ಆ ಶೆಡ್ಡಿನೊಳಗೇ ಇತ್ತು, ನೆಲದ ಮೇಲೆ.

“ಈಗಲೂ ಮನೆಯಲ್ಲಿ ನೂಲುತ್ತಾರೆಯೇ?” ಎಂದೆ.

“ಎಲ್ಲಿದ್ರಿ. ಈಗ ಉಣ್ಣಿ ಕತ್ತರಿಸಿ ಹೊಲದಾಗ ಒಗಿತಾರ್ರಿ. ತಗೊಳ್ಳೋರು ಯಾರದಾರ?”

ಹಳೆಯ ಉಣ್ಣೆಬಟ್ಟೆಗಳನ್ನು ಹರಿದು ಮತ್ತೆ ನೂಲಾಗಿಸಿ ನೇಯ್ದ ಪಾಣಿಪತ್ತಿನ ಹೊದಿಕೆಗಳು, ಆಮೇಲೆ ಮೃದುವಾದ ಪಾಲಿಯೆಸ್ಟರ್ ಹೊದಿಕೆಗಳು ಸಂತೆಗಳನ್ನು ತುಂಬಿದವು. ಕುರಿಗೆ ಬೆಲೆ ಮಾಂಸದಿಂದ. ಉಣ್ಣೆಯೇ ಇಲ್ಲದ ತಳಿಗಳನ್ನು ಸಾಕುವವರು ಹೆಚ್ಚಿದರು. ಆದರೂ ಡೆಕ್ಕನಿ ಕುರಿಯ ಉಣ್ಣೆಯನ್ನು ಕತ್ತರಿಸದೆ ಬಿಡುವಂತಿಲ್ಲ. ಬಿಟ್ಟರೆ ಸೆಕೆ, ಉಣ್ಣಿಹುಳು. ಕತ್ತರಿಸುವ ಕೂಲಿ ಕುರುಬನ ಕೈಯಿಂದ ಹೋಗುತ್ತದೆ, ಉಣ್ಣೆ ಬದುವಿನ ಮೇಲೆ ಕೊಳೆಯುತ್ತದೆ. ನಾನು ‘ಉಲ್ಲನ್’ ಕೊಳ್ಳಲು ಚಿಕ್ಕಪೇಟೆಗೆ ಹೋದೆನಷ್ಟೆ!

ನನಗೆ ಆಸೆ ಹುಟ್ಟಿತು. ಈ ಉಣ್ಣೆಯನ್ನೇ ಕಡ್ಡಿಯಲ್ಲಿ ಹೆಣೆದರೇನು? ಆಕೆ ಊರಿಗೆ ಹೇಳಿಕಳಿಸಿ ಹಳೆಯ ಕೈನೂಲಿನ ಒಂದು ಲಡಿ ತರಿಸಿಕೊಟ್ಟಳು. ನಾಲ್ಕು ಬೆರಳಗಲ ಹೆಣೆದೆ. ಮಗ್ಗಕ್ಕೆಂದು ಬಿಗಿಯಾಗಿ ಹುರಿಗೊಂಡ ಒಂಟಿ ಎಳೆ ಅದು. ಹೆಣೆದ ತುಂಡು ಚೌಕವಾಗಿ ನಿಲ್ಲದೆ ಓರೆಯಾಗಿ ವಾಲಿತು, ಕುತ್ತಿಗೆಗೆ ತಾಗಿಸಿದರೆ ಹುಲ್ಲುಗರಿಯಂತೆ ಚುಚ್ಚಿತು. ಕಂಬಳಿಯಲ್ಲಿ ಉಂಡು ಕೂದಲಿಗೆ ಹೇಸಿದಂತೆ ಎಂಬ ಗಾದೆಯನ್ನು ನೆನೆದು ಸುಮ್ಮನಾದೆ. ಆ ಉಣ್ಣೆಗೆ ಮಗ್ಗವೇ ಸರಿ. ಕಡ್ಡಿಗೆ ಒಗ್ಗಿಸುವೆನೆಂಬುದು ನನ್ನ ಹಟ.

ದಾರಿ ತೋರಿಸಿದವಳು ಆಕೆಯೇ. “ಹಳೀ ಸೀರಿ ಇದ್ರ ಕೊಡ್ರಿ ಅಮ್ಮಾರ, ಕೌದಿ ಹೊಲದಂಗ ಹೊಲದು ಬಿಡೂನು” ಎಂದಳು. ನನ್ನ ಪೆಟ್ಟಿಗೆಯಲ್ಲಿ ಒಗೆದು ಒಗೆದು ಮೆತ್ತಗಾಗಿದ್ದ ಎರಡು ನೂಲಿನ ಸೀರೆಗಳಿದ್ದವು. ಹತ್ತಿಯೂ ಉರಿಯುವ ವಸ್ತುವೇ. ಆದರೆ ಕರಗಿ ಮೈಗೆ ಅಂಟುವುದಿಲ್ಲ, ಮೇಲೆ ಉಣ್ಣೆಯ ಕಾವಲೂ ಇರುತ್ತದೆ. ಒಲೆಯನ್ನು ಬಾಗಿಲಾಚೆ ಸರಿಸಬೇಕೆಂಬುದನ್ನು ಮಾತ್ರ ನಾನು ಜಗಳವಾಡಿಯೇ ಒಪ್ಪಿಸಿದೆ.

ಭಾನುವಾರ ನಮ್ಮ ಅಂಗಳದಲ್ಲಿ ಕಂಬಳಿ ಹಾಸಿ, ಅದರ ಮೇಲೆ ಸೀರೆಗಳನ್ನು ಅಳತೆಗೆ ಮಡಿಸಿ, ಅಂಚು ಒಳಮಡಿಚಿ, ಇಬ್ಬರೂ ಎದುರುಬದುರಾಗಿ ಕುಳಿತೆವು. ಪಕ್ಕದ ಶೆಡ್ಡಿನ ಇನ್ನಿಬ್ಬರು ಬಂದು ಸೇರಿಕೊಂಡರು. ಎರಡು ಬೆರಳಿನ ಅಂತರಕ್ಕೆ ಒಂದೊಂದು ಸಾಲು, ಸುತ್ತಿನಿಂದ ನಡುವಿಗೆ. ಲಕ್ಷಕ್ಕೂ ಮೀರಿದ ಕುಣಿಕೆಗಳ ಲೆಕ್ಕ ಹಾಕಿದ್ದ ನಾನು ಆ ಸಾಲನ್ನು ನೇರವಾಗಿ ಹೊಲಿಯಲಾರದೆ ಹೋದೆ. ನನ್ನ ಸಾಲು ಹಾವಿನಂತೆ ಹರಿಯುತ್ತಿದ್ದುದನ್ನು ಕಂಡು, ಆಕೆ ಏನೂ ಹೇಳದೆ ನನ್ನ ಬದಿಗೆ ಬಂದು, ಒಂದು ಮೊಳದಷ್ಟು ಬಿಚ್ಚಿ ಮತ್ತೆ ಹೊಲಿದಳು. ಸಂಜೆಗೆ ಮುಕ್ಕಾಲು ಮುಗಿದಿತ್ತು; ಉಳಿದದ್ದು ಮಾರನೆಯ ರಾತ್ರಿ.

ಮೂರು ಪಟ್ಟಿಗಳ ಗತಿಯೇನಾಯಿತೆಂದರೆ, ಇನ್ನೂ ಮೂರು ಹೆಣೆದು ಹೊದಿಕೆಯನ್ನು ಪೂರ್ತಿ ಮಾಡಿದೆ. ಬಸವನಗುಡಿಯಲ್ಲಿರುವ ನನ್ನ ಅಕ್ಕನಿಗೆ ಎಂಬತ್ತು ದಾಟಿದೆ. ಅವಳ ಕೋಣೆಗೆ ಒಲೆಯ ನೆರಳೂ ಬೀಳುವುದಿಲ್ಲ. ಹತ್ತಿತುಂಬಿದ ರಜಾಯಿಯ ಭಾರಕ್ಕೆ ಮಂಡಿ ನೋಯುತ್ತದೆನ್ನುವವಳಿಗೆ ಒಂದು ಕಿಲೋ ಚಿಲ್ಲರೆಯ ಈ ಹೊದಿಕೆ ಬಹಳ ಹಿತವಾಯಿತು. ಅಕ್ರಿಲಿಕ್ಕನ್ನು ನಾನು ಹಳಿಯುವವಳಲ್ಲ. ಅದಕ್ಕೆ ನುಸಿ ಹಿಡಿಯುವುದಿಲ್ಲ. ದಿನ ಬಿಟ್ಟು ದಿನ ಒಗೆದರೂ ಕುಗ್ಗುವುದಿಲ್ಲ. ನೆರಳಲ್ಲಿ ಹರವಿದರೆ ಸಂಜೆಗೆ ಒಣಗುತ್ತದೆ. ಇಸ್ತ್ರಿ ಪೆಟ್ಟಿಗೆ ಮಾತ್ರ ತಾಗಿಸಬಾರದು; ಕಾವು ತಗಲಿದ ಕಡೆ ಏಣು ಕುಸಿದು, ಜೀವ ಹೋದ ಹಾಗೆ ಜೋತುಬೀಳುತ್ತದೆ, ಮತ್ತೆ ಏಳುವುದಿಲ್ಲ. ಅಕ್ಕನ ಮನೆಯವರಿಗೆ ಇದನ್ನು ಮೂರು ಸಲ ಹೇಳಿ ಬಂದಿದ್ದೇನೆ.

ಅಂಗಳದಲ್ಲಿ ಆದ ಹೊದಿಕೆಯ ಖರ್ಚು ಇಷ್ಟು: ಕಂಬಳಿ ಅವಳ ತಂದೆಯದು, ಸೀರೆ ನನ್ನವು, ದಪ್ಪ ದಾರದ ಎರಡು ಉಂಡೆಗೆ ನಲವತ್ತು ರೂಪಾಯಿ, ನಾಲ್ಕು ಜನಕ್ಕೆ ಎರಡು ಸಲ ಕಾಫಿ.

ಫೆಬ್ರವರಿಯಲ್ಲಿ ಕಟ್ಟಡದ ಕೆಲಸ ಮುಗಿಯಿತು. ಸರ್ಜಾಪುರದ ಕಡೆ ಬೇರೆ ಕೆಲಸ ಹಿಡಿದಿದೆಯೆಂದು ಅವರು ಒಂದು ಮುಂಜಾನೆ ಹೊರಟರು. ತಗಡುಗಳನ್ನೂ ಪಾತ್ರೆಗಳನ್ನೂ ಹೇರಿದ್ದ ಟೆಂಪೋದ ಹಿಂಬದಿಯಲ್ಲಿ, ಹೊದಿಕೆಯ ಸುರುಳಿಯ ಮೇಲೆ ಹುಡುಗಿ ಕುಳಿತಿದ್ದಳು. ಸೀರೆಯ ಮಗ್ಗುಲು ಒಳಗೆ, ಕಂಬಳಿಯ ಮಗ್ಗುಲು ಹೊರಗೆ ಬರುವಂತೆ ಆಕೆ ಅದನ್ನು ಸುತ್ತಿ ಕಟ್ಟಿದ್ದಳು. ಕೆರೆಯ ಮಂಜು ಇನ್ನೂ ಇಳಿದಿರಲಿಲ್ಲ.